ಫೋರ್ ವೀಲ್ ಡ್ರೈವ್ ಕ್ಯಾಂಪಿಂಗ್‌ಗೆ ಪೋರ್ಟಬಲ್ ಫ್ರಿಜ್: ಮೊದಲು ಕರೆಂಟಿನ ಲೆಕ್ಕ, ಆಮೇಲೆ ಲೀಟರು

ಎರಡನೇ ದಿನ ಬೆಳಗ್ಗೆ ನೋಡಿದರೆ ಹಾಲು ಒಡೆದಿದೆ, ದೋಸೆ ಹಿಟ್ಟು ಉಕ್ಕಿ ಡಬ್ಬದ ಮುಚ್ಚಳ ಎತ್ತಿದೆ, ಫ್ರಿಜ್‌ನ ಡಿಸ್‌ಪ್ಲೇ ಆರಿಹೋಗಿದೆ. ಕೆಲವೊಮ್ಮೆ ಗಾಡಿಯೂ ಸ್ಟಾರ್ಟ್ ಆಗುವುದಿಲ್ಲ. ಫ್ರಿಜ್ ಕೊಂಡ ಬಹುಪಾಲು ಕುಟುಂಬಗಳ ಮೊದಲ ಟ್ರಿಪ್ ಹೀಗೇ ಕೆಡುತ್ತದೆ. ಬೈಗುಳ ಫ್ರಿಜ್‌ಗೆ ಬೀಳುತ್ತದೆ, ಅದು ಸರ್ವಿಸ್ ಸೆಂಟರ್‌ಗೆ ಹೋಗಿ "ಏನೂ ತೊಂದರೆ ಇಲ್ಲ" ಎಂಬ ಚೀಟಿಯೊಂದಿಗೆ ವಾಪಸ್ ಬರುತ್ತದೆ. ಆ ಚೀಟಿ ಸಾಮಾನ್ಯವಾಗಿ ನಿಜವೇ. ತಪ್ಪಾಗಿರುವುದು ಆರಿಸಿದ ಕ್ರಮದಲ್ಲಿ: ಮೊದಲು ಲೀಟರ್ ಮತ್ತು ಬೆಲೆ ನೋಡಿ ಕೊಂಡು, ಕರೆಂಟ್ ಎಲ್ಲಿಂದ ಬರುತ್ತದೆ ಎಂಬುದನ್ನು ಕೊನೆಗೆ ಯೋಚಿಸಿರುತ್ತೇವೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಣ ಕೊಡುವುದು ಐದನೇ ಹಂತದಲ್ಲಿ.

ಕೈಯಲ್ಲಿರಬೇಕಾದ್ದು

ಟೇಪ್, ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಮಲ್ಟಿಮೀಟರ್, ವೈರ್ ಇರುವ ಡಿಜಿಟಲ್ ಥರ್ಮಾಮೀಟರ್. ಇದರ ಜೊತೆ ಲೈನ್ ಮಧ್ಯೆ ಜೋಡಿಸುವ ಡಿಸಿ ವ್ಯಾಟ್ ಮೀಟರ್ ಒಂದಿದ್ದರೆ ಊಹೆಯ ಕೆಲಸವೆಲ್ಲ ತಪ್ಪುತ್ತದೆ.

ಹಂತ 1: ಕಂಪ್ರೆಸರ್ ಇರುವುದನ್ನೇ ಆರಿಸಿ

"ಕಾರ್ ಫ್ರಿಜ್" ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಯಂತ್ರಗಳು ಮಾರಾಟವಾಗುತ್ತವೆ.

ಥರ್ಮೋಎಲೆಕ್ಟ್ರಿಕ್ ಕೂಲರ್ ಸುತ್ತಲಿನ ಗಾಳಿಗಿಂತ ಹೆಚ್ಚೆಂದರೆ 18ರಿಂದ 20 ಡಿಗ್ರಿ ಕಡಿಮೆ ಮಾಡಬಲ್ಲದು. ನಿಂತ ಗಾಡಿಯೊಳಗೆ 40 ಡಿಗ್ರಿ ಇದ್ದರೆ ಡಬ್ಬದೊಳಗೆ 20 ಡಿಗ್ರಿ. ಹಾಲಿಗೂ ಮಾಂಸಕ್ಕೂ ಅದು ಅಪಾಯದ ಮಟ್ಟ. ಅಷ್ಟು ಮಾಡಲು ಅದು ಬಿಡುವಿಲ್ಲದೆ 4–5 ಆಂಪ್ ಎಳೆಯುತ್ತಲೇ ಇರುತ್ತದೆ. ಗುರುತು ಹಿಡಿಯುವುದು ಸುಲಭ: "ತಂಪು ಮತ್ತು ಬಿಸಿ ಎರಡೂ" ಎಂಬ ಜಾಹೀರಾತು, 20–25 ಲೀಟರ್ ಇದ್ದರೂ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ತೂಕ, ವಿವರಪಟ್ಟಿಯಲ್ಲಿ "ಹೊರಗಿನ ಉಷ್ಣಾಂಶಕ್ಕಿಂತ ಇಷ್ಟು ಕಡಿಮೆ" ಎಂಬ ಸಾಲು. ಈ ಸಾಲು ಕಂಡರೆ ಆ ಮಾಡೆಲ್ ಬಿಟ್ಟುಬಿಡಿ.

ಗ್ಯಾಸ್, 12 ವೋಲ್ಟ್, 230 ವೋಲ್ಟ್ ಮೂರರಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಸಮತಟ್ಟಾಗಿ ನಿಂತಿರಬೇಕು. ಸೆಕೆಯಲ್ಲಿ ಸೋಲುತ್ತದೆ. ಮುಚ್ಚಿದ ಗಾಡಿಯೊಳಗೆ ಗ್ಯಾಸ್ ಉರಿಸುವುದು ಜೀವಕ್ಕೇ ಅಪಾಯ. ಘಾಟಿ ರಸ್ತೆಯ ಗಾಡಿಗೆ ಇದು ಸಲ್ಲದು.

ಉಳಿದದ್ದು ಕಂಪ್ರೆಸರ್ ಫ್ರಿಜ್. ಮನೆಯ ಫ್ರಿಜ್‌ನಂತೆಯೇ ಕೆಲಸ ಮಾಡುತ್ತದೆ, ಆದರೆ 12 ಅಥವಾ 24 ವೋಲ್ಟ್ ಡಿಸಿಯಲ್ಲಿ. ಸುಮಾರು 30 ಡಿಗ್ರಿ ಓರೆಯಾದರೂ ನಡೆಯುವಂಥವು ಸಾಮಾನ್ಯವಾಗಿ ಸಿಗುತ್ತವೆ. ಸಾಕಷ್ಟು ತಂಪಾದ ಮೇಲೆ ತಾನೇ ನಿಂತು, ಬೇಕಾದಾಗ ಮತ್ತೆ ಶುರುವಾಗುತ್ತದೆ. ಇಲ್ಲಿಂದ ಮುಂದೆ ಹೇಳುವುದೆಲ್ಲ ಇದರ ಬಗ್ಗೆಯೇ.

ಹಂತ 2: ದಿನಕ್ಕೆ ಎಷ್ಟು ಕರೆಂಟ್ ಬೇಕೆಂದು ಬರೆದಿಡಿ

ಇಡೀ ಕೆಲಸದ ಬೆನ್ನೆಲುಬು ಈ ಲೆಕ್ಕ.

40 ಲೀಟರ್ ಫ್ರಿಜ್‌ನ ಕಂಪ್ರೆಸರ್ ಓಡುವಾಗ ಸುಮಾರು 45 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. 12 ವೋಲ್ಟ್‌ನಲ್ಲಿ ಅದು ಸುಮಾರು 3.7 ಆಂಪ್. ಆದರೆ ಅದು ಸದಾ ಓಡುವುದಿಲ್ಲ. ಒಳಗೆ 4 ಡಿಗ್ರಿ ಇಟ್ಟು ಹೊರಗೆ 30 ಡಿಗ್ರಿ ಇದ್ದಾಗ ಗಂಟೆಯ ಮೂರನೇ ಒಂದು ಭಾಗ, ಹೊರಗೆ 38–40 ಆದಾಗ ಅರ್ಧಕ್ಕಿಂತ ಹೆಚ್ಚು. ಬಿಸಿಲಲ್ಲಿ ಕಿಟಕಿ ಏರಿಸಿ ನಿಲ್ಲಿಸಿದ ಗಾಡಿಯೊಳಗೆ ಬಹುತೇಕ ನಿಲ್ಲದೆ ಓಡುತ್ತದೆ.

ಮಲೆನಾಡಿನ ಚಳಿಗಾಲದ ಟ್ರಿಪ್‌ಗೆ ದಿನದ ಸರಾಸರಿ 40 ಶೇಕಡಾ ಹಿಡಿಯಿರಿ: 3.7 × 24 × 0.4, ಅಂದರೆ ಸುಮಾರು 36 ಎಎಚ್ (ಆಂಪ್-ಅವರ್: ಆಂಪ್ ಅನ್ನು ಗಂಟೆಯಿಂದ ಗುಣಿಸಿದ್ದು). ಏಪ್ರಿಲ್‌ನಲ್ಲಿ ಹಂಪಿಗೋ ಬೀದರ್ ಕಡೆಗೋ ಹೊರಟರೆ 60 ಶೇಕಡಾ ಹಿಡಿಯಿರಿ: ಸುಮಾರು 53 ಎಎಚ್. ಫ್ರೀಜರ್ ಆಗಿ ಮೈನಸ್ 15ಕ್ಕೆ ಇಟ್ಟರೆ ಇದಕ್ಕಿಂತ ಗಣನೀಯವಾಗಿ ಹೆಚ್ಚು.

ಎಲ್ಲರೂ ಮರೆಯುವ ಇನ್ನೊಂದು ಖರ್ಚಿದೆ. 30 ಡಿಗ್ರಿಯ 10 ಲೀಟರ್ ನೀರನ್ನು 5 ಡಿಗ್ರಿಗೆ ಇಳಿಸಲು ಸುಮಾರು 290 ವ್ಯಾಟ್-ಅವರ್ ಶಾಖ ಹೊರಹಾಕಬೇಕು. ಅದಕ್ಕೆ ಬ್ಯಾಟರಿಯಿಂದ 15ರಿಂದ 20 ಎಎಚ್ ಹೋಗುತ್ತದೆ, ಅಂದರೆ ಹೆಚ್ಚುಕಡಿಮೆ ಅರ್ಧ ದಿನದ ಖರ್ಚು. ಕ್ಯಾಂಪ್ ತಲುಪಿದ ಮೇಲೆ ಬಿಸಿ ಬಾಟಲಿಗಳನ್ನು ತುಂಬುವವರ ಫ್ರಿಜ್ ರಾತ್ರಿಯೇ ಸೋಲುವುದು ಇದರಿಂದ.

ಹಂತ 3: ಆ ಕರೆಂಟ್ ಎಲ್ಲಿಂದ ಬರುತ್ತದೆಂದು ನಿರ್ಧರಿಸಿ

*ಗಾಡಿಯ ಸ್ಟಾರ್ಟರ್ ಬ್ಯಾಟರಿ ಮಾತ್ರ.* ಡೀಸೆಲ್ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ 60–80 ಎಎಚ್ ಬ್ಯಾಟರಿ ಇರುತ್ತದೆ. ಅದು ಒಂದೇ ಸಲಕ್ಕೆ ಭಾರೀ ಕರೆಂಟ್ ಕೊಟ್ಟು ಎಂಜಿನ್ ತಿರುಗಿಸಲು ಮಾಡಿದ್ದು. ಆಳಕ್ಕೆ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ನೆಮ್ಮದಿಯಿಂದ ತೆಗೆಯಬಹುದಾದದ್ದು 20 ಎಎಚ್ ಆಸುಪಾಸು. ತಂಪಾದ ರಾತ್ರಿ 10 ಗಂಟೆಗೆ 12 ಎಎಚ್ ಸಾಕು. ಹಾಗಾಗಿ ರಾತ್ರಿ ನಿಂತು ಬೆಳಗ್ಗೆ ಮತ್ತೆ ಹೊರಡುವವರಿಗೆ ಇದು ನಡೆಯುತ್ತದೆ. ಒಂದೇ ಕಡೆ ಎರಡು ರಾತ್ರಿ ತಂಗುವವರಿಗೆ ನಡೆಯುವುದೇ ಇಲ್ಲ, ಎಷ್ಟು ಒಳ್ಳೆಯ ಫ್ರಿಜ್ ತಂದರೂ.

*ಪೋರ್ಟಬಲ್ ಪವರ್ ಸ್ಟೇಷನ್.* ವೈರಿಂಗ್ ಮುಟ್ಟಲು ಇಷ್ಟವಿಲ್ಲದ ಕುಟುಂಬಕ್ಕೆ ಇದೇ ಸುಲಭ. ದಿನಕ್ಕೆ 36 ಎಎಚ್ ಎಂದರೆ ಸುಮಾರು 430 ವ್ಯಾಟ್-ಅವರ್. 500 ವ್ಯಾಟ್-ಅವರ್ ಡಬ್ಬ ಒಂದು ದಿನ ಎಳೆಯುವುದೇ ಕಷ್ಟ, 1000 ಇದ್ದರೆ ಎರಡು ದಿನ. ಮೂರು ವಿಷಯ ಕೇಳಿ ಕೊಳ್ಳಿ. ಒಂದು, 12 ವೋಲ್ಟ್ ಔಟ್‌ಪುಟ್ ಬ್ಯಾಟರಿ ಇಳಿದಂತೆ ಇಳಿಯದೆ ಸ್ಥಿರವಾಗಿರುತ್ತದೆಯೇ? ಎರಡು, ಕಡಿಮೆ ಲೋಡ್ ಕಂಡಾಗ ತಾನೇ ಆಫ್ ಆಗುವ ಇಕೋ ಮೋಡ್ ಇದೆಯೇ, ಅದನ್ನು ನಿಲ್ಲಿಸಬಹುದೇ? ಕಂಪ್ರೆಸರ್ ವಿಶ್ರಾಂತಿಯಲ್ಲಿದ್ದಾಗ "ಯಾರೂ ಬಳಸುತ್ತಿಲ್ಲ" ಎಂದುಕೊಂಡು ಪವರ್ ಸ್ಟೇಷನ್ ಮಲಗಿಬಿಡುತ್ತದೆ. ಬ್ಯಾಟರಿ ತುಂಬಿದ್ದರೂ ಬೆಳಗ್ಗೆ ಹಾಲು ಒಡೆದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಮೂರು, ಗಾಡಿಯ ಸಾಕೆಟ್‌ನಿಂದ ಎಷ್ಟು ವ್ಯಾಟ್‌ನಲ್ಲಿ ಚಾರ್ಜ್ ಆಗುತ್ತದೆ? ಸಾಮಾನ್ಯವಾಗಿ 100 ವ್ಯಾಟ್ ಸುಮಾರಿಗೆ, ಅಂದರೆ 1000ದ ಡಬ್ಬ ತುಂಬಲು 10 ಗಂಟೆಗೂ ಹೆಚ್ಚು ಓಡಿಸಬೇಕು. ಮನೆಯಿಂದಲೇ ತುಂಬಿಸಿಕೊಂಡು ಹೊರಡಿ. ಫ್ರಿಜ್ ಅನ್ನು ಅದರ 12 ವೋಲ್ಟ್ ಕಿಂಡಿಗೇ ಜೋಡಿಸಿ. 230 ವೋಲ್ಟ್ ಕಿಂಡಿ ಬಳಸಿದರೆ ಇನ್ವರ್ಟರ್ ತನ್ನ ಪಾಲಿನ ಕರೆಂಟ್ ತಿನ್ನುತ್ತಲೇ ಇರುತ್ತದೆ.

*ಎರಡನೇ ಬ್ಯಾಟರಿ.* ತಿಂಗಳಿಗೊಮ್ಮೆ ಹೊರಡುವವರಿಗೆ ಇದೇ ಸರಿಯಾದ ದಾರಿ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80–90 ಎಎಚ್ ಬಳಸಬಹುದು. ಅಷ್ಟೇ ದೊಡ್ಡ ಎಜಿಎಂನಲ್ಲಿ (ಸೀಲ್ ಮಾಡಿದ ಲೆಡ್ ಬ್ಯಾಟರಿ) 50ಕ್ಕೆ ನಿಲ್ಲಿಸಬೇಕು, ತೂಕವೂ ಎರಡು ಪಟ್ಟಿಗಿಂತ ಹೆಚ್ಚು. ಬಿಎಸ್6 ಗಾಡಿಗಳಲ್ಲಿ ಹಲವದರಲ್ಲಿ, ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್‌ನ ವೋಲ್ಟೇಜ್ ಅನ್ನು ಕಂಪ್ಯೂಟರ್ ಏರಿಸಿ ಇಳಿಸುತ್ತದೆ. ಹಳೆಯ ರೀತಿಯ ರಿಲೇ ಹಾಕಿದರೆ ಎರಡನೇ ಬ್ಯಾಟರಿ ಎಂದೂ ತುಂಬುವುದಿಲ್ಲ. ಆ ಏರಿಳಿತವನ್ನು ಬ್ಯಾಟರಿಗೆ ತಕ್ಕ ವೋಲ್ಟೇಜ್‌ಗೆ ತರುವ 20 ಆಂಪ್‌ನ ಡಿಸಿ-ಟು-ಡಿಸಿ ಚಾರ್ಜರ್ ಬೇಕೇ ಬೇಕು. ಲಿಥಿಯಂ ಬ್ಯಾಟರಿಯನ್ನು ಬಾನೆಟ್ ಕೆಳಗಿನ ಬಿಸಿಯಲ್ಲಿ ಇಡಬೇಡಿ.

*ಸೋಲಾರ್.* 100 ವ್ಯಾಟ್ ಪ್ಯಾನೆಲ್ ತೆರೆದ ಬಯಲಿನಲ್ಲಿ, ಸ್ವಚ್ಛ ಬಿಸಿಲಿನಲ್ಲಿ ದಿನಕ್ಕೆ 25 ಎಎಚ್ ಸುಮಾರು ಕೊಡುತ್ತದೆ. ಸಕಲೇಶಪುರದ ಕಾಫಿ ತೋಟದ ನೆರಳಲ್ಲಿ ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ ಇಡುವಷ್ಟು ಉದ್ದದ ವೈರ್ ಇರಲಿ.

ಹಂತ 4: ಜಾಗ ಅಳೆಯಿರಿ, ಆಮೇಲೆ ಲೀಟರ್

ನಾಲ್ವರ ಕುಟುಂಬಕ್ಕೆ ಎರಡು ರಾತ್ರಿಗೆ 35–40 ಲೀಟರ್, ನಾಲ್ಕೈದು ದಿನಕ್ಕೆ 45–60. ಕುಡಿಯುವ ನೀರೆಲ್ಲ ಫ್ರಿಜ್‌ನಲ್ಲೇ ಇರಬೇಕೆಂಬ ಹಟ ಬಿಟ್ಟರೆ ಹೆಚ್ಚಿನವರಿಗೆ 40 ಸಾಕು.

ಆದರೆ ಅಷ್ಟು ಗಾಡಿಯಲ್ಲಿ ಹಿಡಿಯಬೇಕಲ್ಲ. ಜಿಮ್ನಿಯಲ್ಲಿ ಹಿಂದಿನ ಸೀಟಿನಲ್ಲಿ ಮಕ್ಕಳು ಕೂತರೆ ಡಿಕ್ಕಿಗೆ ಉಳಿಯುವುದು 208 ಲೀಟರ್. ಮೂರು ಬಾಗಿಲಿನ ಥಾರ್‌ನಲ್ಲಿ ಅದಕ್ಕೂ ಇಕ್ಕಟ್ಟು. ಮೂರು ಸಾಲಿನ ಗಾಡಿಗಳಲ್ಲಿ ಕೊನೆಯ ಸೀಟು ಎತ್ತಿದ್ದರೆ ಫ್ರಿಜ್‌ನ ಮಾತೇ ಇಲ್ಲ. ಹಾಗಾಗಿ ರಟ್ಟಿನ ಪೆಟ್ಟಿಗೆ: ನಿಮ್ಮ ಮನಸ್ಸಿನಲ್ಲಿರುವ ಮಾಡೆಲ್‌ನ ಹೊರ ಅಳತೆಗೆ ಅದನ್ನು ಕತ್ತರಿಸಿ ಅಂಟಿಸಿ, ಗಾಳಿಕಿಂಡಿ ಇರುವ ಕಡೆ 10 ಸೆಂ.ಮೀ. ಸೇರಿಸಿ, ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚಿ. ಟೆಂಟ್, ಒಲೆ, ಬ್ಯಾಗುಗಳನ್ನೂ ಇಟ್ಟು ನೋಡಿ.

ಆಮೇಲೆ ಮುಚ್ಚಳ. ಪೂರ್ತಿ ತೆರೆದಾಗ ಅದರ ತುದಿ ಎಷ್ಟು ಎತ್ತರಕ್ಕೆ ಹೋಗುತ್ತದೆ, ಛಾವಣಿಗೆ ತಾಗುತ್ತದೆಯೇ, ಯಾವ ಬದಿಗೆ ತೆರೆದುಕೊಳ್ಳುತ್ತದೆ ಎಂದು ನೋಡಿ. ಎಳೆದು ಹೊರತೆಗೆಯುವ ಸ್ಲೈಡ್ ಹಾಕುವುದಾದರೆ ಎತ್ತರ ಇನ್ನೂ ಹೆಚ್ಚುತ್ತದೆ, ತೂಕಕ್ಕೆ ಸುಲಭವಾಗಿ 20 ಕೆ.ಜಿ. ಕೂಡುತ್ತದೆ. 40 ಲೀಟರ್ ಫ್ರಿಜ್ ಖಾಲಿಯಿದ್ದಾಗಲೇ 18–20 ಕೆ.ಜಿ., ತುಂಬಿದರೆ 40ರ ಆಸುಪಾಸು. ಮನೆಯಲ್ಲಿ ಇದನ್ನು ಎತ್ತಿಡುವವರು ಯಾರೆಂಬುದನ್ನೂ ಈಗಲೇ ಯೋಚಿಸಿ.

ಹಂತ 5: ಅಂಗಡಿಯಲ್ಲಿ ವಿವರಪಟ್ಟಿ ಓದುವುದು

*ಕ್ಲೈಮೇಟ್ ಕ್ಲಾಸ್.* ಹೊರಗೆ ಎಷ್ಟು ಸೆಕೆಯವರೆಗೆ ಫ್ರಿಜ್ ಸರಿಯಾಗಿ ನಡೆಯುತ್ತದೆ ಎಂಬ ಗುರುತು ಇದು. "ಎನ್" 32 ಡಿಗ್ರಿವರೆಗೆ, "ಎಸ್‌ಟಿ" 38ರವರೆಗೆ, "ಟಿ" 43ರವರೆಗೆ. ನಮ್ಮ ಬೇಸಿಗೆಗೆ "ಟಿ" ಇಲ್ಲದ ಫ್ರಿಜ್ ಬೇಡ.

*ಒಳಗಿನ ಆಕಾರ.* ನೀವು ನಿಜವಾಗಿ ಒಯ್ಯುವ ಬಾಟಲಿ ಮತ್ತು ಹಿಟ್ಟಿನ ಡಬ್ಬವನ್ನು ಅಂಗಡಿಗೇ ತೆಗೆದುಕೊಂಡು ಹೋಗಿ. ಬುಟ್ಟಿ ಒಳಗಿರುವಾಗ ಬಾಟಲಿ ನೆಟ್ಟಗೆ ನಿಂತು ಮುಚ್ಚಳ ಮುಚ್ಚಬೇಕು. ಕಂಪ್ರೆಸರ್ ಮೇಲಿನ ಮೆಟ್ಟಿಲಿನಂಥ ಭಾಗ ಆಳ ಕಡಿಮೆ, ಉಳಿದ ಕಡೆಗಿಂತ ಬೆಚ್ಚಗೂ ಇರುತ್ತದೆ. ಅದು ಕೆಟ್ಟದ್ದಲ್ಲ, ತರಕಾರಿಗೆ ಅದೇ ಜಾಗ. ಹೊರ ಅಳತೆ ಚಿಕ್ಕದಿದ್ದು ಲೀಟರ್ ಅಚ್ಚರಿ ಹುಟ್ಟಿಸುವಷ್ಟು ಹೆಚ್ಚಿದ್ದರೆ ಗೋಡೆಯ ಫೋಮ್ ತೆಳುವಾಗಿದೆ ಎಂದೇ ಅರ್ಥ. ಆ ಲಾಭವನ್ನು ಬ್ಯಾಟರಿ ತೀರಿಸಬೇಕಾಗುತ್ತದೆ.

*ಒಂದು ಕೋಣೆಯೋ ಎರಡೋ.* ಎರಡು ಕೋಣೆಯ ಮಾಡೆಲ್‌ಗಳು ನೋಡಲು ಆಕರ್ಷಕ. ಆದರೆ 45 ಲೀಟರ್‌ಗಿಂತ ಕೆಳಗೆ ಎರಡೂ ಕೋಣೆ ಉಪಯೋಗಕ್ಕೆ ಬಾರದಷ್ಟು ಚಿಕ್ಕದಾಗುತ್ತವೆ. ಮಲ್ಪೆಯಲ್ಲಿ ಬಂಗುಡೆ ಕೊಂಡು ಮೂರು ದಿನ ಒಯ್ಯುವವರು ಬಿಟ್ಟರೆ ಉಳಿದವರಿಗೆ ಒಂದೇ ಕೋಣೆ ಸಾಕು.

*ಬ್ಯಾಟರಿ ರಕ್ಷಣೆಯ ಮಟ್ಟಗಳು.* ಹೈ, ಮೀಡಿಯಂ, ಲೋ ಎಂದು ಮೂರು ಇರಬೇಕು. ಯಾವ ವೋಲ್ಟೇಜ್‌ಗೆ ನಿಲ್ಲುತ್ತದೆ, ಮತ್ತೆ ಯಾವುದಕ್ಕೆ ಶುರುವಾಗುತ್ತದೆ ಎಂಬುದು ಮ್ಯಾನ್ಯುಯಲ್‌ನಲ್ಲಿ ಅಂಕಿಯಲ್ಲಿ ಬರೆದಿರಬೇಕು. ಕೆಲವು ಮಾಡೆಲ್‌ಗಳಲ್ಲಿ ಹೈ ಎಂದರೆ 11.8, ಕೆಲವದರಲ್ಲಿ 11.1. ಲೆಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.1–12.2 ತೋರಿಸಿದರೆ ಆಗಲೇ ಅರ್ಧ ಖಾಲಿ. ಸ್ಟಾರ್ಟರ್ ಬ್ಯಾಟರಿಗೆ ಜೋಡಿಸುವವರು ಹೈ ಬಿಟ್ಟು ಬೇರೆ ಇಡಬಾರದು. ತನ್ನದೇ ರಕ್ಷಣಾ ಸರ್ಕ್ಯೂಟ್ ಇರುವ ಲಿಥಿಯಂ ಬ್ಯಾಟರಿಗೆ ಮೀಡಿಯಂ ಅಥವಾ ಲೋ ಇಡಬಹುದು.

*ವಾರಂಟಿ.* ಭಾರತದಲ್ಲಿ ಸರ್ವಿಸ್ ಎಲ್ಲಿ, ಕಂಟ್ರೋಲ್ ಬೋರ್ಡ್ ಬಿಡಿಯಾಗಿ ಸಿಗುತ್ತದೆಯೇ, ವಾರಂಟಿಯಲ್ಲಿ ಕಂಪ್ರೆಸರ್ ಮಾತ್ರವೋ ಬೋರ್ಡೂ ಸೇರಿದೆಯೋ? ಬರಹದಲ್ಲಿ ಕೇಳಿ. ಬೋರ್ಡ್ ಸಿಗದಿದ್ದರೆ ಚೆನ್ನಾಗಿರುವ ಕಂಪ್ರೆಸರ್‌ನಿಂದ ಪ್ರಯೋಜನವಿಲ್ಲ.

ಮೊಬೈಲ್ ಆ್ಯಪ್, ಒಳಗಿನ ದೀಪದ ಬಣ್ಣ, ಯುಎಸ್‌ಬಿ ಕಿಂಡಿ ಇವುಗಳಿಗೆ ಹೆಚ್ಚು ಹಣ ಕೊಡಬೇಡಿ. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಬಿಗಿಯಿದೆಯೇ, ನೀರು ಹೊರಬಿಡುವ ಬಿರಡೆ ಇದೆಯೇ ಎಂಬುದು ಇವೆಲ್ಲಕ್ಕಿಂತ ಮುಖ್ಯ.

ಹಂತ 6: ಹಿಂದಿನ ಸಾಕೆಟ್ ನಂಬದೆ ಸರಿಯಾದ ಲೈನ್ ಎಳೆಸಿ

ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದರೂ ಫ್ರಿಜ್ ಬಾಯಿಗೆ ಅಷ್ಟು ತಲುಪುವುದಿಲ್ಲ. ಬಾನೆಟ್‌ನಿಂದ ಡಿಕ್ಕಿಗೆ 5 ಮೀಟರ್, ಹೋಗಿಬರುವುದು 10 ಮೀಟರ್. 1.5 ಚದರ ಮಿ.ಮೀ. ತಾಮ್ರದ ವೈರ್‌ನಲ್ಲಿ 5 ಆಂಪ್ ಹರಿದರೆ ದಾರಿಯಲ್ಲೇ 0.57 ವೋಲ್ಟ್ ಸೋರಿಹೋಗುತ್ತದೆ. ಸಡಿಲ ಸಾಕೆಟ್ ಇನ್ನಷ್ಟು ತಿನ್ನುತ್ತದೆ. ಉಳಿದ 11.8ನ್ನು ಕಂಡ ಫ್ರಿಜ್ ಹೈ ಮಟ್ಟದಲ್ಲಿ ನಿಂತುಬಿಡುತ್ತದೆ, ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಇರುವಾಗಲೇ. ಇದೇ ಜಾಗಕ್ಕೆ 6 ಚದರ ಮಿ.ಮೀ. ವೈರ್ ಹಾಕಿದರೆ ಸೋರಿಕೆ 0.14 ವೋಲ್ಟ್ ಮಾತ್ರ.

ಕ್ರಮ ಹೀಗಿರಲಿ:

1. ಗಾಡಿಯ ಇರುವ ವೈರಿಂಗ್ ಕತ್ತರಿಸಿ ಜೋಡಿಸಬೇಡಿ. ವಾರಂಟಿ ತಕರಾರು ಶುರುವಾಗುವುದೇ ಅಲ್ಲಿಂದ. ಬ್ಯಾಟರಿಯಿಂದ ಪ್ರತ್ಯೇಕ ಲೈನ್ ತನ್ನಿ.
2. ಬ್ಯಾಟರಿ ಪಾಸಿಟಿವ್‌ನಿಂದ 15–20 ಸೆಂ.ಮೀ. ಒಳಗೇ 15 ಆಂಪ್ ಫ್ಯೂಸ್. ಫ್ರಿಜ್ ಹತ್ತಿರ ಫ್ಯೂಸ್ ಹಾಕಿದರೆ ಮಧ್ಯದ ವೈರ್ ಉಜ್ಜಿ ಶಾರ್ಟ್ ಆದಾಗ ಬೆಂಕಿಯೇ ಗತಿ.
3. ಹಲವು ಎಳೆಗಳ ತಾಮ್ರದ ವೈರ್, 6 ಚದರ ಮಿ.ಮೀ., ಸುಕ್ಕುಕೊಳವೆಯೊಳಗೆ. ತಗಡಿನ ರಂಧ್ರ ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್.
4. ನೆಗೆಟಿವ್ ಅನ್ನು ಬ್ಯಾಟರಿ ಟರ್ಮಿನಲ್‌ಗೆ ಕೊಡದೆ ತಯಾರಕರು ಕೊಟ್ಟ ಬಾಡಿ ಅರ್ತ್ ಬೋಲ್ಟ್‌ಗೆ ಕೊಡಿ. ಹೊಸ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಸೆನ್ಸರ್ ಇರುತ್ತದೆ. ಅದನ್ನು ತಪ್ಪಿಸಿದರೆ ಗಾಡಿಯ ಕಂಪ್ಯೂಟರ್‌ಗೆ ನಿಮ್ಮ ಖರ್ಚು ಕಾಣುವುದೇ ಇಲ್ಲ.
5. ಡಿಕ್ಕಿಯಲ್ಲಿ 50 ಆಂಪ್ ಆಂಡರ್ಸನ್ ಪ್ಲಗ್ (ಕುಲುಕಿದರೂ ಬಿಡದಂತೆ ಬಿಗಿಯಾಗಿ ಕೂರುವ ಡಿಸಿ ಪ್ಲಗ್). ಸಿಗರೇಟ್ ಲೈಟರ್ ಸಾಕೆಟ್ ಕಚ್ಚಾ ರಸ್ತೆಯ ಕುಲುಕಾಟಕ್ಕೆ ಅರ್ಧ ಹೊರಬಂದು ಬಿಸಿಯಾಗುತ್ತದೆ.

ಡಿಸಿ-ಟು-ಡಿಸಿ ಚಾರ್ಜರ್‌ಗೆ ಹೋಗುವ ಲೈನ್ ಬೇರೆ: 16 ಚದರ ಮಿ.ಮೀ., ಬ್ಯಾಟರಿ ಹತ್ತಿರ 40 ಆಂಪ್ ಫ್ಯೂಸ್.

ಸಾಕೆಟ್‌ನಲ್ಲೇ ಕೆಲಸ ಸಾಗಿಸುವುದಾದರೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ, ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಫ್ರಿಜ್ ನಡೆಯುತ್ತಿದೆಯೇ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಕೀ ತೆಗೆದರೆ ಸಾಕೆಟ್ ಸತ್ತುಹೋಗುತ್ತದೆ.

ಹಂತ 7: ಮನೆಯಲ್ಲೇ 24 ಗಂಟೆ ಪರೀಕ್ಷೆ

ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ. ಕೊರಿಯರ್‌ನಲ್ಲಿ ಮಲಗಿಸಿ ತಂದಿರುವ ಸಾಧ್ಯತೆ ಇರುವುದರಿಂದ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಡಿ. ಕಂಪ್ರೆಸರ್‌ನ ಎಣ್ಣೆ ಕೆಳಗಿಳಿಯಬೇಕು. ನಂತರ ಗಾಡಿಯಲ್ಲಿ, ಪ್ರವಾಸದಲ್ಲಿ ಬಳಸುವ ಅದೇ ಬ್ಯಾಟರಿ, ಅದೇ ವೈರ್‌ಗೆ ಜೋಡಿಸಿ. ಮುಕ್ಕಾಲು ಭಾಗ ನೀರಿನ ಬಾಟಲಿ ತುಂಬಿ 4 ಡಿಗ್ರಿಗೆ ಇಡಿ. ಥರ್ಮಾಮೀಟರ್‌ನ ತುದಿಯನ್ನು ಮಧ್ಯದ ಬಾಟಲಿಯ ನೀರಿನೊಳಗೆ ಬಿಡಿ. ಡಿಸ್‌ಪ್ಲೇ ತೋರಿಸುವುದು ಗೋಡೆಯ ಹತ್ತಿರದ ಉಷ್ಣಾಂಶ, ಆಹಾರದ್ದಲ್ಲ.

ಮೂರು ಅಂಕಿ ಬರೆದುಕೊಳ್ಳಿ: ನೀರು 5 ಡಿಗ್ರಿಗೆ ಇಳಿದ ಸಮಯ, 24 ಗಂಟೆಯ ಒಟ್ಟು ಎಎಚ್, ಕಂಪ್ರೆಸರ್ ಓಡುವಾಗ ಫ್ರಿಜ್ ಪ್ಲಗ್ ಬಳಿಯ ಮತ್ತು ಬ್ಯಾಟರಿ ಬಳಿಯ ವೋಲ್ಟೇಜ್ ವ್ಯತ್ಯಾಸ. ವ್ಯತ್ಯಾಸ 0.3 ದಾಟಿದರೆ ವೈರಿಂಗ್ ಸರಿಪಡಿಸದೆ ಹೊರಡಬೇಡಿ. ಒಟ್ಟು ಎಎಚ್ ನಿಮ್ಮ ಎರಡನೇ ಹಂತದ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ ಗಾಳಿಕಿಂಡಿ ಮುಚ್ಚಿದೆಯೇ, ಗ್ಯಾಸ್ಕೆಟ್ ಸಂದಿಯಲ್ಲಿ ಗಾಳಿ ನುಗ್ಗುತ್ತಿದೆಯೇ ನೋಡಿ. ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಳ ಹಾಕಿ ಎಳೆಯಿರಿ. ಸರಾಗವಾಗಿ ಜಾರಿಬಂದರೆ ಅಲ್ಲೇ ಸೋರಿಕೆ.

ಹಂತ 8: ತುಂಬುವುದು, ಕಟ್ಟುವುದು

ಹಿಂದಿನ ರಾತ್ರಿಯೇ ಮನೆಯ 230 ವೋಲ್ಟ್‌ಗೆ ಜೋಡಿಸಿ ಫ್ರಿಜ್ ಮತ್ತು ಆಹಾರ ಎರಡನ್ನೂ ತಂಪು ಮಾಡಿ. ಬ್ಯಾಟರಿಯ ಪಾಲಿಗೆ ಉಳಿಯಬೇಕಾದ್ದು ಆ ತಂಪನ್ನು ಕಾಪಾಡುವ ಕೆಲಸ ಮಾತ್ರ.

ತಂಪು ತಳದಲ್ಲಿ ನಿಲ್ಲುತ್ತದೆ, ಗೋಡೆ ಎಲ್ಲಕ್ಕಿಂತ ತಣ್ಣಗಿರುತ್ತದೆ. ಮೀನು, ಕೋಳಿ ಎರಡು ಪದರದ ಬಿಗಿ ಡಬ್ಬದಲ್ಲಿ ತಳಕ್ಕೆ. ಅದರ ಮೇಲೆ ಹಾಲಿನ ಪ್ಯಾಕೆಟ್, ಮೊಸರು. ಪ್ಯಾಕೆಟ್‌ಗಳು ಬುಟ್ಟಿಯ ತಂತಿಗೆ ಉಜ್ಜಿ ತೂತಾಗುತ್ತವೆ, ಆದ್ದರಿಂದ ಒಂದು ಡಬ್ಬದೊಳಗೆ ನಿಲ್ಲಿಸಿ. ದೋಸೆ ಹಿಟ್ಟಿನ ಡಬ್ಬದಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಿ, ಹುಳಿ ಬರುವ ಮೊದಲೇ ಫ್ರಿಜ್‌ಗೆ ಹಾಕಿ. 4 ಡಿಗ್ರಿಯಲ್ಲಿ ಹುದುಗುವಿಕೆ ಬಹುತೇಕ ನಿಂತಿರುತ್ತದೆ, 10 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಕೊತ್ತಂಬರಿ, ಕರಿಬೇವು ಗೋಡೆಗೆ ತಾಗಿದರೆ ಹೆಪ್ಪುಗಟ್ಟಿ ಕಪ್ಪಾಗುತ್ತವೆ. ಒಣ ಬಟ್ಟೆಯಲ್ಲಿ ಸುತ್ತಿ ಮೆಟ್ಟಿಲಿನ ಮೇಲಿಡಿ. ಮೊಟ್ಟೆಯೂ ಅಲ್ಲೇ.

ಇನ್ಸುಲಿನ್ ಒಯ್ಯುವವರು ವಿಶೇಷವಾಗಿ ಗಮನಿಸಿ: ಅದಕ್ಕೆ ಬೇಕಾದದ್ದು 2ರಿಂದ 8 ಡಿಗ್ರಿ, ಒಮ್ಮೆ ಹೆಪ್ಪುಗಟ್ಟಿದರೆ ಬಳಸಬಾರದು. ಗೋಡೆಗೆ ತಾಗದಂತೆ ಮಧ್ಯದಲ್ಲಿ, ಪುಟ್ಟ ಡಬ್ಬದಲ್ಲಿ, ಥರ್ಮಾಮೀಟರ್ ಅದರ ಪಕ್ಕದಲ್ಲೇ ಇರಲಿ. ಆ ಫ್ರಿಜ್ ಅನ್ನು ಫ್ರೀಜರ್ ಆಗಿ ಬಳಸಬೇಡಿ.

ಕಟ್ಟುವಾಗ ಬರಿಯ ಹಿಡಿಕೆಗೆ ಹಗ್ಗ ಬಿಗಿಯಬೇಡಿ. ಹಲವು ಮಾಡೆಲ್‌ಗಳ ಪ್ಲಾಸ್ಟಿಕ್ ಹಿಡಿಕೆ ಎತ್ತಲು ಮಾತ್ರ. ಗಾಡಿಯ ನೆಲದ ಕೊಂಡಿಗಳಿಗೆ ನಾಲ್ಕು ಕಡೆಯಿಂದ ರ‍್ಯಾಚೆಟ್ ಸ್ಟ್ರಾಪ್ ಹಾಕಿ. 40 ಕೆ.ಜಿ.ಯ ಪೆಟ್ಟಿಗೆ ಜೋರಾದ ಬ್ರೇಕಿಗೆ ಹಾರುವುದು ನೇರವಾಗಿ ಹಿಂದಿನ ಸೀಟಿನ ಮಕ್ಕಳ ತಲೆಯತ್ತ. ಇದೊಂದರಲ್ಲಿ ರಾಜಿ ಬೇಡ.

ದಾರಿಯಲ್ಲಿ ಕಾಣುವ ಎಚ್ಚರಿಕೆಯ ಗುರುತುಗಳು

ಕಂಪ್ರೆಸರ್ ಶುರುವಾಗಿ ಕೆಲವೇ ಸೆಕೆಂಡಿನಲ್ಲಿ ನಿಂತು ಮತ್ತೆ ಶುರುವಾಗುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ. ಮೊದಲು ಪ್ಲಗ್ ಮುಟ್ಟಿ ನೋಡಿ, ಬಿಸಿಯಿದ್ದರೆ ಸಂಪರ್ಕ ಸಡಿಲ.

ಗಂಟೆಗಟ್ಟಲೆ ನಿಲ್ಲದೆ ಓಡಿಯೂ ಉಷ್ಣಾಂಶ ಇಳಿಯದಿದ್ದರೆ ಗಾಳಿಕಿಂಡಿಗೆ ಸ್ಲೀಪಿಂಗ್ ಬ್ಯಾಗ್ ಒತ್ತಿಕೊಂಡಿದೆಯೇ ನೋಡಿ. ಕೆಮ್ಮಣ್ಣಿನ ರಸ್ತೆಯಲ್ಲಿ ಬಂದಿದ್ದರೆ ಜಾಲರಿಯ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಎರಡೂ ಅಲ್ಲದೆ, ಫ್ಯಾನ್ ತಿರುಗುತ್ತಿದ್ದು ಗೋಡೆ ತಣ್ಣಗಾಗದಿದ್ದರೆ ಅನಿಲ ಸೋರಿರಬಹುದು. ಅದು ಮೆಕ್ಯಾನಿಕ್‌ನ ಕೆಲಸ. ಈಗಿನ ಹಲವು ಫ್ರಿಜ್‌ಗಳಲ್ಲಿ ಉರಿಯುವ ಗುಣದ ಆರ್-600ಎ ಅನಿಲ ಇರುವುದರಿಂದ ಚಾಕುವಿನಿಂದ ಮಂಜುಗಡ್ಡೆ ಕೆತ್ತುವುದೂ ಬೇಡ.

ಆಗುಂಬೆಯ ಮಳೆಗಾಲದಲ್ಲಿ ಹೊರಮೈ ಬೆವರಿದರೆ ಗಾಬರಿ ಬೇಡ, ಗಾಳಿಯ ತೇವ ಅದು. ಆದರೆ ಒಳಗೆ ದಿನಕ್ಕೊಂದು ಲೋಟ ನೀರು ಸೇರುತ್ತಿದ್ದರೆ ಗ್ಯಾಸ್ಕೆಟ್ ಪರೀಕ್ಷಿಸಿ. ಮರವಂತೆ, ಗೋಕರ್ಣದ ಕಡಲಂಚಿನಲ್ಲಿ ತಂಗಿ ಬಂದ ಮೇಲೆ ಪ್ಲಗ್‌ನ ಪಿನ್‌ಗಳನ್ನು ಒರೆಸಿ, ಹಸಿರು ಕಿಲುಬು ಕಂಡರೆ ಉಜ್ಜಿ ತೆಗೆಯಿರಿ.

ಮನೆಗೆ ಬಂದ ದಿನವೇ ಪ್ಲಗ್ ಕಿತ್ತುಹಾಕಿ. ಖಾಲಿ ಫ್ರಿಜ್‌ನ ಡಿಸ್‌ಪ್ಲೇ ಕೂಡ ವಾರಗಟ್ಟಲೆ ಬ್ಯಾಟರಿ ಹೀರುತ್ತದೆ. ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಹಾಕಿ ಒಳಗನ್ನು ಒರೆಸಿ, ಬಿರಡೆ ತೆಗೆದು ನೀರು ಬಸಿದು, ಪೂರ್ತಿ ಒಣಗಿದ ಮೇಲೆ ಮುಚ್ಚಳದ ಸಂದಿಗೆ ಮಡಿಸಿದ ಬಟ್ಟೆ ಇಟ್ಟು ಅರೆತೆರೆದೇ ಬಿಡಿ. ಪೂರ್ತಿ ಮುಚ್ಚಿಟ್ಟರೆ ಬೂಸಲು ಹಿಡಿದು ಗ್ಯಾಸ್ಕೆಟ್‌ಗೆ ಅಂಟುವ ವಾಸನೆ ಮತ್ತೆ ಹೋಗುವುದು ಕಷ್ಟ.